ಬಾಂದ್ರಾದಲ್ಲಿ ಮರುಜೀವ ಪಡೆದ ಪೇಸ್‌ಮೇಕರ್‌ಗಳು

ಹೃದಯದ ತಾಳ ಕಾಯುವ ಪೇಸ್‌ಮೇಕರ್ ಇರುವ ದೇಹವನ್ನು ಚಿತೆಗೇರಿಸುವ ಮುನ್ನ ಒಂದು ಕೆಲಸ ಆಗಲೇಬೇಕು. ಕೊರಳೆಲುಬಿನ ಕೆಳಗಿನ ಚರ್ಮ ಬಿಡಿಸಿ ಆ ಪುಟ್ಟ ಯಂತ್ರವನ್ನು ಹೊರತೆಗೆಯಬೇಕು, ಇಲ್ಲವಾದರೆ ಬೆಂಕಿಯ ಕಾವಿಗೆ ಬ್ಯಾಟರಿ ಸಿಡಿಯುತ್ತದೆ. ಹೊರಬರುವುದು ಅಂಗೈ ನಡುವೆ ಕೂರುವ, ಹೊಳೆದಂಡೆಯ ಕಲ್ಲಿನಷ್ಟು ನುಣುಪಾದ ಟೈಟಾನಿಯಂ ಡಬ್ಬಿ. ಹೊತ್ತವರು ಹೋದರೂ ಎಷ್ಟೋ ಸಲ ಅದರಲ್ಲಿ ಇನ್ನೂ ಹಲವು ವರ್ಷಗಳ ಕಸುವು ಉಳಿದಿರುತ್ತದೆ. ಅಮೆರಿಕದಲ್ಲಿ ಹೀಗೆ ಉಳಿದ ಡಬ್ಬಿಗಳು ಮುಂಬಯಿಯ ಬಾಂದ್ರಾಕ್ಕೆ ಬಂದವು. ಬಡವರ ಎದೆಯಲ್ಲಿ ಮತ್ತೆ ಕೆಲಸಕ್ಕೆ ನಿಂತವು.

ನಾಡಿಯ ತಾಳ ತಪ್ಪಿದರೆ ಅಪಾಯ ಎಂಬುದು ನಮ್ಮಲ್ಲಿ ಹಳೆಯ ತಿಳಿವಳಿಕೆ. ನಿಂತು ನಿಂತು ನಡೆಯುವ ನಾಡಿ ಪ್ರಾಣಕ್ಕೆ ಕುತ್ತು ಎಂದು ಶಾರ್ಙ್ಗಧರ ಸಂಹಿತೆ ಎಚ್ಚರಿಸುತ್ತದೆ. ತಾಳ ಎಲ್ಲಿ ತಪ್ಪಿತು ಎಂಬುದನ್ನು ಕಾಗದದ ಮೇಲೆ ತೋರಿಸಿದ್ದು ಹಾಲೆಂಡಿನ ವಿಲ್ಲೆಮ್ ಐಂಥೋವನ್ ರೂಪಿಸಿದ ಇಸಿಜಿ. ಅದಕ್ಕಾಗಿ ಅವರಿಗೆ 1924ರ ನೊಬೆಲ್ ಬಂತು.

ಇಲ್ಲೊಂದು ಗೊಂದಲ ಬಿಡಿಸಬೇಕು. ಜನರ ಬಾಯಲ್ಲಿ ‘ಬ್ಲಾಕ್’ ಎಂದರೆ ರಕ್ತನಾಳ ಕಟ್ಟಿಕೊಳ್ಳುವುದು. ಆದರೆ ವೈದ್ಯರು ಹಾರ್ಟ್ ಬ್ಲಾಕ್ ಎನ್ನುವುದು ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಸಂದೇಶ ತಲುಪದಿರುವುದಕ್ಕೆ. ಸಂದೇಶ ಪೂರ್ತಿ ಕಡಿದರೆ ನಾಡಿ ನಿಮಿಷಕ್ಕೆ ಮೂವತ್ತು ನಲವತ್ತಕ್ಕೆ ಇಳಿಯಬಹುದು. ಕಣ್ಣು ಕತ್ತಲಿಟ್ಟು ಮನುಷ್ಯ ಕುಸಿದು ಬೀಳುತ್ತಾನೆ. ಮಾತ್ರೆಯಿಂದ ಇದಕ್ಕೆ ಶಾಶ್ವತ ಪರಿಹಾರವಿಲ್ಲ.

ಪರಿಹಾರ ದೊರೆತದ್ದು 1958ರ ಅಕ್ಟೋಬರ್ 8ರಂದು, ಸ್ಟಾಕ್‌ಹೋಮಿನಲ್ಲಿ. ಆರ್ನೆ ಲಾರ್ಸನ್ ಎಂಬ ರೋಗಿಯ ಹೆಂಡತಿಯ ಪಟ್ಟಿಗೆ ಮಣಿದು, ಆ ರೋಗಿಯ ದೇಹದೊಳಗೆ ಶಸ್ತ್ರವೈದ್ಯ ಓಕೆ ಸೆನಿಂಗ್ ಅವರು ರೂನ್ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರ್ ಇಟ್ಟರು. ಬೂಟ್ ಪಾಲಿಶ್ ಡಬ್ಬಿಯೇ ಅದಕ್ಕೆ ಅಚ್ಚು! ಆ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮಾತ್ರ ಯಂತ್ರದ ಮೇಲೆ ಯಂತ್ರ ಬದಲಿಸಿಕೊಂಡು 2001ರವರೆಗೆ ಬಾಳಿದರು.

ಆದರೆ ಕೂಲಿಯವರಿಗೆ, ಮನೆಗೆಲಸದವರಿಗೆ ಆ ಯಂತ್ರದ ಬೆಲೆ ಎಟುಕುವಂಥದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೃದ್ರೋಗ ತಜ್ಞರಾದ ಡಾ. ಡೇನಿಯಲ್ ಮಸ್ಕರೇನ್ಹಸ್ ಅವರನ್ನು ಕಾಡಿದ್ದು ಇದೇ. ಅಲ್ಲಿ ಬೇಡವಾದ ಯಂತ್ರಗಳನ್ನು ಕೂಡಿಟ್ಟು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ತಲುಪಿಸಿದರು. ಮುಂಬಯಿಯ ಹೃದಯಲಯ ತಜ್ಞ ಡಾ. ಯಶ್ ಲೋಖಂಡ್‌ವಾಲಾ ಇಲ್ಲಿಯ ಕೆಲಸಕ್ಕೆ ಹೆಗಲು ಕೊಟ್ಟರು. ಸತ್ತವರ ಕುಟುಂಬದ ಒಪ್ಪಿಗೆಯಿಂದ ಸಂಗ್ರಹಿಸಿದ 121 ಪೇಸ್‌ಮೇಕರ್‌ಗಳಲ್ಲಿ ಸಾಕಷ್ಟು ಬ್ಯಾಟರಿ ಉಳಿದಿದ್ದವು 53. ಅಷ್ಟನ್ನೂ ಈ ಆಸ್ಪತ್ರೆಯಲ್ಲಿ 53 ಬಡರೋಗಿಗಳಿಗೆ ಅಳವಡಿಸಲಾಯಿತು.

ಹಳೆಯ ಯಂತ್ರವನ್ನು ಹಾಗೆಯೇ ಇಡುವಂತಿಲ್ಲ. ಮೊದಲು ಅದನ್ನು ತೊಳೆದು, ಅಂಟಿದ ರಕ್ತದ ಕಲೆ ತೆಗೆಯಬೇಕು. ಬ್ಯಾಟರಿ ಎಷ್ಟಿದೆ ಎಂದು ಯಂತ್ರದಿಂದಲೇ ಓದಿಕೊಳ್ಳಬೇಕು. ಮತ್ತೆ ಕ್ರಿಮಿಶುದ್ಧಿ ಮಾಡಬೇಕು. ಹೃದಯಕ್ಕೆ ಇಳಿಸುವ ತಂತಿಯಂತೂ ಹೊಸದೇ ಆಗಬೇಕು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಹೃದಯ ಹುಚ್ಚುಹುಚ್ಚಾಗಿ ಓಡತೊಡಗಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ದಾರಿಗೆ ತರುವ ಐಸಿಡಿ ಯಂತ್ರ ಪೇಸ್‌ಮೇಕರ್‌ಗಿಂತ ಬಹಳ ದುಬಾರಿ. ಮರುಬಳಕೆಯ ಇಂಥ 106 ಐಸಿಡಿಗಳನ್ನು 81 ರೋಗಿಗಳು ಪಡೆದರು. ಒಂದರ ಬ್ಯಾಟರಿ ತೀರಿದಾಗ ಕೆಲವರಿಗೆ ಎರಡನೆಯದು, ಮೂರನೆಯದು ಸಿಕ್ಕಿತು. ಈ ವಿವರ 2012ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರಿಗೂ ಸೋಂಕು ತಗುಲಲಿಲ್ಲ. ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಯಂತ್ರವು ಅಪಾಯದ ಹೊತ್ತಿಗೆ ಸರಿಯಾಗಿ ಎಚ್ಚೆತ್ತು ತಾಳ ಸರಿಪಡಿಸಿತ್ತು.

ಅಮೆರಿಕದ ನಿಯಮದಂತೆ ಇವು ಒಂದೇ ಸಲ ಬಳಸುವ ಸಾಧನಗಳು. ಇನ್ನೊಬ್ಬರಿಗೆ ಇಡಲು ಅಲ್ಲಿ ಅನುಮತಿಯಿಲ್ಲ. ಆ ಎಚ್ಚರಿಕೆಗೆ ಕಾರಣವಿದೆ: ಎದೆಯೊಳಗೆ ಹೊಕ್ಕ ಸೋಂಕು ಜೀವ ತೆಗೆಯಬಲ್ಲದು. ಆದರೆ ಭಯವನ್ನು ಅಳತೆಗೋಲಿನಿಂದ ಅಳೆಯಬೇಕು. ಮಾಂಟ್ರಿಯಲ್ ಹೃದಯ ಸಂಸ್ಥೆಯ ನೇತೃತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಲ್ಯಾಟಿನ್ ಅಮೆರಿಕ ಭಾಗದಲ್ಲಿ ಮರುಬಳಕೆಯ ಯಂತ್ರ ಪಡೆದ 1,051 ಮಂದಿಯನ್ನು ಹೊಸ ಯಂತ್ರ ಪಡೆದ 3,153 ಮಂದಿಯೊಂದಿಗೆ ಹೋಲಿಸಿತು. ಎರಡು ವರ್ಷಗಳಲ್ಲಿ ಸೋಂಕಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹೊಸ ಯಂತ್ರ ಎಲ್ಲರಿಗೂ ದಕ್ಕುವುದೇ ಒಳ್ಳೆಯದು, ಸಂದೇಹವಿಲ್ಲ. ಅಲ್ಲಿಯವರೆಗೆ ಬಾಂದ್ರಾದ ಅನುಭವವನ್ನು ಸರಕಾರವೂ ವೈದ್ಯರೂ ಮರೆಯಬಾರದು. ಕಟ್ಟುನಿಟ್ಟಾದ ಪರೀಕ್ಷೆಯೊಂದಿಗೆ ಇದಕ್ಕೊಂದು ಸ್ಪಷ್ಟ ನಿಯಮ ರೂಪಿಸಬೇಕು. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಜೋಪಾನವಾಗಿಡಿ. ಕೊನೆಯ ಗಳಿಗೆ ಬಂದಾಗ, ಚಿತೆಗೆ ಮುನ್ನ ತೆಗೆದ ಆ ಡಬ್ಬಿಯನ್ನು ಬಿಸಾಡುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ: ಇದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೀತೇ?