ಎಕ್ಸಂಬಾದಿಂದ ಖಾಸಬಾಗಕ್ಕೆ

ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಕುಸ್ತಿಯಲ್ಲಿ ಸೋಲಿಸಿ ಹಿಂದ್ ಕೇಸರಿ ಬಿರುದು ಪಡೆದರು. ಕುಸ್ತಿ ಕಲಿತದ್ದು ಕೊಲ್ಲಾಪುರದಲ್ಲಿ, ಬಾಳಿದ್ದು ಅಲ್ಲೇ, 2020ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲೇ. ಮಹಾರಾಷ್ಟ್ರ ಅವರನ್ನು ತನ್ನ ಪೈಲ್ವಾನರೆಂದೇ ಮೆರೆಸಿತು. ಗಡಿಯಾಚೆ ಹೋದ ಇಂಥವರನ್ನು ಕರ್ನಾಟಕದ ನಷ್ಟದ ಖಾತೆಗೆ ಬರೆಯುವುದು ಸುಲಭ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಚರಿತ್ರೆ ನೋಡಿದರೆ ಆ ಲೆಕ್ಕ ತಪ್ಪೆಂದು ತಿಳಿಯುತ್ತದೆ. ಅವರು ಹೊರಟದ್ದು ಪರದೇಶಕ್ಕಲ್ಲ, ತಮ್ಮ ಸೀಮೆಯ ದೊಡ್ಡ ಪೇಟೆಗೆ.

ಈ ಊರುಗಳಿಗೆ ಧಾರವಾಡಕ್ಕಿಂತ ಕೊಲ್ಲಾಪುರ ಹತ್ತಿರ. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನದ್ದೇ ಭಾಗವಾಗಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಅಲ್ಲಿಯ ರೈತ ಛತ್ರಪತಿಯ ಪ್ರಜೆ. ಸಂಸ್ಥಾನದ ಅರಸ ಶಾಹು ಮಹಾರಾಜರು ಒಂದೊಂದು ಸಮುದಾಯದ ಹುಡುಗರಿಗೂ ಕಟ್ಟಿಸಿಕೊಟ್ಟ ಬೋರ್ಡಿಂಗುಗಳಲ್ಲಿ ಜೈನರದೂ ಇತ್ತು, ಲಿಂಗಾಯತರದೂ ಇತ್ತು. ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಪ್ರಾಧ್ಯಾಪಕರಾಗಿದ್ದರು. ಆ ಸಂಸ್ಥಾನದ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ ಇವರೇ ಮುಂದೆ 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ಕಲಿಯಲೂ ಹೋಗಬಹುದಾಗಿದ್ದ ಊರಿಗೆ ಕುಸ್ತಿ ಕಲಿಯಲು ಹೋದದ್ದರಲ್ಲಿ ವಿಚಿತ್ರವೇನಿದೆ?

ಊರಲ್ಲೇ ಗರಡಿಮನೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಜಾತ್ರೆ ಜಾತ್ರೆಗೆ ಕುಸ್ತಿಯೂ ನಡೆಯುತ್ತಿತ್ತು. ಹುಡುಗನ ಕಸುವು ಮೊದಲು ಗೊತ್ತಾಗುತ್ತಿದ್ದದ್ದು ಅಲ್ಲೇ. ಆದರೆ ಪೈಲ್ವಾನ ತಯಾರಾಗುವುದು ದಿನಾ ಜೋರು ಹಿಡಿಯಲು ಸಿಗುವ ಜೋಡಿಗಳಿಂದ. ತನ್ನೂರಲ್ಲಿ ಎಲ್ಲರನ್ನೂ ಕೆಡವಿದವನಿಗೆ ಅಲ್ಲಿ ಕಲಿಯುವುದು ಮುಗಿದಂತೆ. ಕೊಲ್ಲಾಪುರದ ಮೋತಿಬಾಗ, ಗಂಗಾವೇಸ, ಶಾಹುಪುರಿ ತಾಲೀಮು ಮನೆಗಳಲ್ಲಿ ಅವನಿಗಿಂತ ಬಲವಾದವರು ಹತ್ತಾರು ಮಂದಿ ಒಂದೇ ಸೂರಿನಡಿ ಇರುತ್ತಿದ್ದರು. ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಹೌದದಲ್ಲಿ, ಅಂದರೆ ಕುಸ್ತಿಯ ಕಣದಲ್ಲಿ, ನಸುಕಿಗೇ ಸಾಮು ಶುರು; ಆಮೇಲೆ ಬಾದಾಮಿ ಅರೆದ ಥಂಡಾಯಿ. ಹಾಲು, ತುಪ್ಪದ ಖುರಾಕಿನ ಖರ್ಚು ಹೊರುವುದು ಸಾಧಾರಣ ಒಕ್ಕಲು ಮನೆಗೆ ಭಾರವೇ. ಅರಮನೆಯ ಆಶ್ರಯ, ಕುಸ್ತಿ ಕಲಿಸುವ ವಸ್ತಾದರ ಕಣ್ಣು, ಟಿಕೆಟ್ ಕೊಂಡು ಬರುವ ಪ್ರೇಕ್ಷಕರು, ಇವೆಲ್ಲ ಒಟ್ಟಿಗೆ ಇದ್ದದ್ದು ಕೊಲ್ಲಾಪುರದಲ್ಲಿ. ಶಾಹು ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮಿನ ಬಯಲು ರಂಗಮಂದಿರ ನೋಡಿ ಬಂದು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲಿ ಸಿದ್ಧವಾಗಿತ್ತು. ದಕ್ಷಿಣ ಕೊರಿಯಾದ ಆಟಗಾರ ಲೀ ಹ್ಯುನ್‌ಜುಂಗ್ ಬಾಸ್ಕೆಟ್‌ಬಾಲಿಗಾಗಿ ಅಮೆರಿಕದ ಡೇವಿಡ್ಸನ್ ಕಾಲೇಜು ಸೇರಿದ್ದಕ್ಕೂ ಕಾರಣ ಇದೇ: ಆಟ ಎಲ್ಲಿ ಗಟ್ಟಿಯಾಗಿದೆಯೋ ಆಟಗಾರ ಅಲ್ಲಿಗೆ ಹೋಗುತ್ತಾನೆ.

ಲೀ ಮರಳಿ ಕೊರಿಯಾ ತಂಡಕ್ಕೇ ಆಡಿದ, ಖಂಚನಾಳೆಯವರ ಕೀರ್ತಿ ಮಾತ್ರ ಆಚೆ ಉಳಿಯಿತಲ್ಲ ಎಂಬ ಆಕ್ಷೇಪ ಗರಡಿಮನೆಯ ಪ್ರಶ್ನೆಗಿಂತ ಗಟ್ಟಿಯಾದದ್ದು. ಇದಕ್ಕೆ ಉತ್ತರ ತಾರೀಖುಗಳಲ್ಲಿದೆ. ಅವರು ಹುಟ್ಟಿದಾಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆಗ ಅವರು ಇಪ್ಪತ್ತು ದಾಟಿದ ಜಟ್ಟಿ. ಮಹಾರಾಷ್ಟ್ರ ರಾಜ್ಯವಾದದ್ದು 1960ರಲ್ಲಿ, ಅವರು ಹಿಂದ್ ಕೇಸರಿಯಾದ ಮರುವರ್ಷ. ಗಡಿ ದಾಟಿ ಹೋದವರಲ್ಲ ಅವರು. ಅವರು ಹೋಗಿದ್ದ ದಾರಿಗೆ ಆಮೇಲೆ ಗಡಿ ಬಂತು.

ಮಣ್ಣಿನ ಕುಸ್ತಿ ಮ್ಯಾಟಿನ ಮೇಲೆ ನಡೆಯುವುದಿಲ್ಲ, ಆ ವಿದ್ಯೆ ಮುಗಿದ ಕಾಲದ್ದು ಎನ್ನುವವರೂ ಇದ್ದಾರೆ. ಆದರೆ ಅದೇ ರಾಜಾರಾಮ ಕಾಲೇಜಿನ ವಿದ್ಯಾರ್ಥಿ ಖಾಶಾಬಾ ಜಾಧವ್ ಮಣ್ಣಿನಲ್ಲೇ ಪಳಗಿದವರು. 1948ರಲ್ಲಿ ಲಂಡನ್ನಿನಲ್ಲಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಒಲಿಂಪಿಕ್ ಪದಕ ತಂದ ಮೊದಲಿಗರು ಅವರೇ. ಪಟ್ಟು ಬಲ್ಲವನಿಗೆ ಮ್ಯಾಟು ಒಗ್ಗಿಸಿಕೊಳ್ಳಲು ಹೊತ್ತು ಬೇಕು, ಅಷ್ಟೆ.

ದಾವಣಗೆರೆಯ ಕ್ರೀಡಾ ಹಾಸ್ಟೆಲು ಒಳ್ಳೆಯ ಪೈಲ್ವಾನರನ್ನು ಕೊಟ್ಟಿದೆ, ಅದು ಬೆಳೆಯಲಿ. ಆದರೆ ಎಕ್ಸಂಬಾಕ್ಕೂ ಕಾಗವಾಡಕ್ಕೂ ಇವತ್ತಿಗೂ ದಾವಣಗೆರೆಗಿಂತ ಹತ್ತಿರದ್ದು ಕೊಲ್ಲಾಪುರವೇ. ಅಲ್ಲಿಯ ತಾಲೀಮು ಸೇರುವ ಈ ಸೀಮೆಯ ಹುಡುಗನ ಖುರಾಕಿಗೆ ಕರ್ನಾಟಕ ಸರಕಾರ ದುಡ್ಡು ಕೊಡಬೇಕು.