ಜಪಾನಿನ ಭೋಜನಶಾಲೆಗಳ ಪೂರ್ವವೃತ್ತಾಂತ

ಒಂದು ದೇಶದ ಚರಿತ್ರೆಯು ಅರಸರ ಕಾಳಗಗಳಲ್ಲಿಯೂ ಸಂಧಿಪತ್ರಗಳಲ್ಲಿಯೂ ಮಾತ್ರ ಅಡಗಿರುವುದೆಂದು ಭಾವಿಸತಕ್ಕುದಲ್ಲ. ಸಾಮಾನ್ಯ ಜನರು ಎಲ್ಲಿ ಕುಳಿತು ಏನನ್ನು ಉಂಡರು, ಅದಕ್ಕೆ ಎಷ್ಟು ಬೆಲೆ ತೆತ್ತರು ಎಂಬುದೂ ಚರಿತ್ರೆಯೇ ಸರಿ. ಜಪಾನಿಗೆ ಹೋಗಿಬಂದವರು ಅಲ್ಲಿಯ ಸುಶಿಯೆಂಬ ಮೀನಿನ ತುತ್ತನ್ನೂ ಬಗೆಬಗೆಯ ಸಿಹಿತಿಂಡಿಗಳನ್ನೂ ಕೊಂಡಾಡುವರು; ಇವು ಅನಾದಿಯಿಂದ ಹೀಗೆಯೇ ಬಂದುವೆಂದು ನಂಬುವವರೂ ಉಂಟು. ವಿಚಾರಿಸಿ ನೋಡಿದರೆ, ಆ ದೇಶದ ಊಟದಂಗಡಿಗಳನ್ನು ಬೆಳೆಯಿಸಿದುದು ಬೆಂಕಿ, ಕೂಲಿ ಮತ್ತು ಅವಸರವೆಂಬುದು ಗೊತ್ತಾಗುವುದು.

ಇಂದಿನ ಟೋಕಿಯೋ ನಗರಕ್ಕೆ ಹಿಂದೆ ಎದೋ ಎಂದು ಹೆಸರು. 1603ರಲ್ಲಿ ಶೋಗನ್ ಪದವಿಯನ್ನು ಪಡೆದ ತೊಕುಗಾವಾ ಇಯೆಯಾಸುವು ಇಲ್ಲಿಂದಲೇ ಆಡಳಿತವನ್ನು ನಡೆಸಿದನು. 1635ರ ಕಟ್ಟಳೆಯಂತೆ ಸಾಮಂತರು ಸರದಿಯ ಮೇಲೆ ಎದೋವಿನಲ್ಲಿ ವಾಸಮಾಡಬೇಕಾಯಿತು. ಅವರೊಡನೆ ಪರಿವಾರದ ಭಟರು ಬಂದು ನೆರೆದರು. 1657ರ ಮಹಾಗ್ನಿಯು ನಗರದ ಬಹುಭಾಗವನ್ನು ದಹಿಸಿದಾಗ, ಅದನ್ನು ತಿರುಗಿ ಕಟ್ಟಲು ಬಡಗಿಗಳೂ ಕೂಲಿಗಾರರೂ ಗುಂಪುಗುಂಪಾಗಿ ಬಂದರು. 1721ರ ಗಣತಿಯಲ್ಲಿ ಪಟ್ಟಣಿಗರ ಪೈಕಿ ಗಂಡಸರು ಸುಮಾರು 3,23,000, ಹೆಂಗಸರು ಸುಮಾರು 1,78,000. ಸಂಸಾರವಿಲ್ಲದ ಇಷ್ಟು ಜನರಿಗೆ ಬಿಸಿಯನ್ನವನ್ನು ಬಡಿಸುವವರಾರು? ಅಗ್ನಿಪ್ರಳಯದ ಬಳಿಕ ಅಸಾಕುಸಾ ದೇವಾಲಯದ ಹತ್ತಿರ, ಚಹದ ನೀರಿನಲ್ಲಿ ಬೇಯಿಸಿದ ಅನ್ನ, ತೊಫು ಹಾಕಿದ ಸಾರು, ಬೇಯಿಸಿದ ಕಾಳು ಇವನ್ನು ಒಟ್ಟಿಗೆ ಬಡಿಸುವ ಅಂಗಡಿಯು ತೆರೆಯಿತು. ಎದೋವಿನ ಭೋಜನಶಾಲೆಗಳಿಗೆ ಇದೇ ಆದಿಯೆಂದು ಹೇಳುವರು.

ಸುಶಿಯ ಕಥೆಯು ಇದಕ್ಕಿಂತ ಹಳೆಯದು. ಮೊದಲು ಅದು ಊಟದ ಪದಾರ್ಥವೆನ್ನುವುದಕ್ಕಿಂತ ಮೀನನ್ನು ಕೆಡದಂತೆ ಇಡುವ ಉಪಾಯವಾಗಿತ್ತು. ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಅಡಕಿ, ಮೇಲೆ ಭಾರವಿಟ್ಟು, ತಿಂಗಳುಗಟ್ಟಲೆ ಬಿಡುತ್ತಿದ್ದರು. ಅನ್ನವು ಹುಳಿತು ಮೀನನ್ನು ಕಾಪಾಡುತ್ತಿತ್ತು. ತಿನ್ನುವಾಗ ಆ ಅನ್ನವನ್ನು ಬಿಸುಡುತ್ತಿದ್ದರು. 927ರಲ್ಲಿ ಪೂರ್ಣವಾದ 'ಎಂಗಿಶಿಕಿ' ಎಂಬ ರಾಜಶಾಸನ ಸಂಗ್ರಹದಲ್ಲಿ ಇಂತಹ ಸುಶಿಯು ಕಪ್ಪಕಾಣಿಕೆಗಳ ಸಾಲಿನಲ್ಲಿ ಸೇರಿದೆ. ಬೀವಾ ಸರೋವರದ ತೀರದಲ್ಲಿ ಈ ಪದ್ಧತಿಯು ಇಂದಿಗೂ ಉಳಿದಿದೆ.

ಕಾಲಕ್ರಮದಲ್ಲಿ ಜನರು ಅನ್ನವನ್ನೂ ಕೂಡಿಸಿಯೇ ತಿನ್ನತೊಡಗಿದರು. ಹುಳಿಯಲು ಕಾಯುವ ಬದಲು ಅನ್ನಕ್ಕೆ ವಿನೆಗರನ್ನೇ ಬೆರಸಿದರು. 1804ರಲ್ಲಿ ಹಂದಾ ಎಂಬ ಊರಿನ ಮದ್ಯವ್ಯಾಪಾರಿ ನಕಾನೋ ಮತಾಜೇಮೋನನು ಅಕ್ಕಿಮದ್ಯದ ಗಸಟಿನಿಂದ ಅಗ್ಗದ ವಿನೆಗರನ್ನು ತಯಾರಿಸತೊಡಗಿ, ಹಡಗುಗಳಲ್ಲಿ ಎದೋವಿಗೆ ಕಳುಹಿಸಿದನು. 1820ರ ದಶಕದಲ್ಲಿ ಹನಾಯಾ ಯೋಹೇಯಿ ಎಂಬವನು ರ್‍ಯೋಗೋಕು ಪ್ರದೇಶದಲ್ಲಿ, ಹುಳಿಯನ್ನವನ್ನು ಅಂಗೈಯಲ್ಲಿ ಅದುಮಿ ಮೇಲೆ ಮೀನಿನ ತುಣುಕನ್ನಿಟ್ಟು ಕೊಡುವ ಸುಶಿಗೆ ಹೆಸರಾದನು. ಮಂಜುಗಡ್ಡೆಯ ಸೌಕರ್ಯವಿಲ್ಲದ ಆ ಕಾಲದಲ್ಲಿ ಮೀನಿಗೆ ಉಪ್ಪು, ವಿನೆಗರ್ ಅಥವಾ ಸೋಯಾರಸಗಳ ಸಂಸ್ಕಾರವು ಅವಶ್ಯವಾಗಿತ್ತು. ಬೀದಿಯಂಗಡಿಯ ಮುಂದೆ ನಿಂತವನು ಎರಡು ಮೂರು ತುತ್ತು ತಿಂದು ಕೆಲಸಕ್ಕೆ ನಡೆಯಬಹುದಾಗಿತ್ತು. 1837ರಲ್ಲಿ ತನ್ನ ಗ್ರಂಥವನ್ನು ಆರಂಭಿಸಿದ ಕಿತಾಗಾವಾ ಮೊರಿಸಾದನು ಒಂದು ಸುಶಿಗೆ 8 ಮೋನ್ ಬೆಲೆಯೆಂದು ಬರೆದಿಟ್ಟಿರುವನು. ಒಂದು ಬಟ್ಟಲು ಸೋಬಾ ಶ್ಯಾವಿಗೆಗೆ 16 ಮೋನ್. ಆದರೆ ಅಂಗಡಿಗಳೆಲ್ಲವೂ ಬಡವರವಾಗಿ ಉಳಿಯಲಿಲ್ಲ. 1841ರಲ್ಲಿ ಮೊದಲಾದ ಮಿತವ್ಯಯದ ಸುಧಾರಣೆಗಳ ಕಾಲದಲ್ಲಿ ದುಬಾರಿ ಸುಶಿಯನ್ನು ಮಾರಿದವರು ದಂಡನೆಗೆ ಗುರಿಯಾದರು. ಯೋಹೇಯಿಯೂ ಅವರಲ್ಲೊಬ್ಬನೆಂದು ಪ್ರತೀತಿ.

ಇನ್ನು ಸಿಹಿಯ ವಿಚಾರ. ನಾಗಸಾಕಿಯ ಬಂದರಿಗೆ ಡಚ್ಚರ ಮತ್ತು ಚೀನೀಯರ ಹಡಗುಗಳಲ್ಲಿ ಬರುತ್ತಿದ್ದ ಸಕ್ಕರೆಯು ಬಹುಕಾಲ ದುರ್ಲಭವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಶೋಗನ್ ಯೋಶಿಮುನೆಯು ಕಬ್ಬಿನ ಬೇಸಾಯಕ್ಕೆ ಪ್ರೋತ್ಸಾಹವಿತ್ತನು. ಅಂಟಕ್ಕಿಯ ಮೋಚಿ, ಆಜುಕಿ ಕಾಳನ್ನು ಬೇಯಿಸಿ ಸಕ್ಕರೆಯೊಡನೆ ಅರೆದ ಹೂರಣ ಇವು ದೇವಾಲಯಗಳ ಬಾಗಿಲಿನ ಚಹದಂಗಡಿಗಳಲ್ಲಿ ಯಾತ್ರಿಕರಿಗೆ ಪ್ರಿಯವಾದುವು. ನಮ್ಮ ಹೋಳಿಗೆಯನ್ನು ಬಲ್ಲವರಿಗೆ ಈ ಹೂರಣದ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. 1874ರಲ್ಲಿ ಕಿಮುರಾ ಯಾಸುಬೇಯಿಯು ಇದನ್ನೇ ಪಾಶ್ಚಾತ್ಯರ ರೊಟ್ಟಿಯೊಳಗಿಟ್ಟು 'ಅನ್‌ಪಾನ್' ಮಾಡಿದನು. ಮರುವರ್ಷ ಅದು ಮೇಯಿಜಿ ಚಕ್ರವರ್ತಿಗೆ ಸಮರ್ಪಿತವಾಯಿತು. ಇಂತಹದೇ ಒಂದು ರೊಟ್ಟಿಯಂಗಡಿಯಾದ ಶಿಂಜುಕುವಿನ ನಕಾಮುರಾಯಾದ ಒಡೆಯರು 1915ರಲ್ಲಿ ಭಾರತದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸರಿಗೆ ಆಶ್ರಯವಿತ್ತರು. 1927ರಲ್ಲಿ ಅವರ ಉಪಾಹಾರಶಾಲೆಯು ತೆರೆದಾಗ, ಬೋಸರು ಕಲಿಸಿದ ಭಾರತೀಯ ಕರಿಯನ್ನು ಜಪಾನೀಯರು ಅಲ್ಲಿ ಸವಿದರು.

1923ರ ಮಹಾಭೂಕಂಪವು ಟೋಕಿಯೋವನ್ನು ನೆಲಸಮಮಾಡಿದಾಗ, ಅಂಗಡಿ ಕಳೆದುಕೊಂಡ ಅನೇಕ ಸುಶಿ ಬಾಣಸಿಗರು ತಮ್ಮ ತಮ್ಮ ಊರುಗಳಿಗೆ ಮರಳಿ, ಎದೋವಿನ ಸುಶಿಯನ್ನು ನಾಡಿನಲ್ಲೆಲ್ಲ ಹರಡಿದರು. ಯುದ್ಧಾನಂತರದ ಸಂಕಟವು ಇದಕ್ಕಿಂತ ಕಠಿನವಾಗಿತ್ತು. 1947ರಲ್ಲಿ ಆಹಾರದ ಅಭಾವದಿಂದ ಸರಕಾರವು ಊಟದಂಗಡಿಗಳನ್ನು ಮುಚ್ಚಿಸಿತು. ಆಗ ಟೋಕಿಯೋವಿನ ಸುಶಿ ಬಾಣಸಿಗರು ಒಂದು ಯುಕ್ತಿಯನ್ನು ಹೂಡಿದರು. ಗಿರಾಕಿಯು ತನ್ನ ಪಡಿಯಿಂದ ಒಂದು ಗೋ, ಎಂದರೆ ಸುಮಾರು 150 ಗ್ರಾಂ ಅಕ್ಕಿಯನ್ನು ತಂದರೆ, ಕೂಲಿಯನ್ನು ಪಡೆದು ಹತ್ತು ಸುಶಿಗಳನ್ನು ಮಾಡಿಕೊಡುವುದು. ಇದು ಅನ್ನದ ಮಾರಾಟವಲ್ಲ, ಕೈಕೆಲಸವೆಂಬ ವಾದಕ್ಕೆ ಅಧಿಕಾರಿಗಳು ಒಪ್ಪಿದರು. ಅನ್ಯ ಪ್ರಾಂತಗಳಲ್ಲಿಯೂ ಇದೇ ಕ್ರಮವು ಬಳಕೆಗೆ ಬಂದು, ಸ್ಥಳೀಯ ಪದ್ಧತಿಗಳನ್ನು ಹಿಂದೆ ಸರಿಸಿ ಎದೋವಿನ ಸುಶಿಯೇ ಪ್ರಬಲವಾಯಿತು.

1958ರಲ್ಲಿ ಶಿರಾಯಿಶಿ ಯೋಶಿಯಾಕಿಯು ಒಸಾಕಾ ಪ್ರಾಂತದಲ್ಲಿ, ತಟ್ಟೆಗಳು ತಿರುಗುವ ಪಟ್ಟಿಯ ಮೇಲೆ ಗಿರಾಕಿಗಳ ಮುಂದೆ ಸಾಗಿಬರುವ ಅಂಗಡಿಯನ್ನು ತೆರೆದನು. ಸುಶಿಯು ಮತ್ತೊಮ್ಮೆ ದುಡಿಯುವವರ ಕೈಗೆಟುಕಿತು. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಜಪಾನೀಯರ ಆಹಾರಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆ ಗೌರವವನ್ನು ಎಣಿಸುವಾಗ, ಬೂದಿಯಾದ ಊರನ್ನು ಕಟ್ಟಿದ ಕೂಲಿಗಾರರಿಗೆ ಅನ್ನವಿಕ್ಕಿದವರನ್ನೂ, ಪಡಿಯಕ್ಕಿಯ ಗಂಟನ್ನು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸದವರನ್ನೂ ವಾಚಕರು ನೆನೆಯುವುದು ಉಚಿತ.