ಮಿಡ್ಲ್ ಸ್ಕೂಲಿನ ಹೊಸಿಲು

ಹೈದರಾಬಾದಿಗೆ ಬಂದ ನಮ್ಮ ಕಡೆಯವರು ಮಕ್ಕಳು ಆರನೇ ಕ್ಲಾಸಿಗೆ ಬಂದರೆ ಊರಿನ ಶಾಲೆಗಳನ್ನೆಲ್ಲ ತೂಗಿ ನೋಡ್ತಾರೆ: ಫೀ ಎಷ್ಟು, ಬಸ್ಸು ಬರುತ್ತೋ, ರಿಜಲ್ಟು ಹೇಗೆ? ನಾವೂ ನೋಡಿದೆವು. ನಿಜಾಮರ ಕಾಲದಲ್ಲಿ ತೂಗಬೇಕಾಗಿದ್ದುದು ಭಾಷೆಯನ್ನು. ಆಗ ಪ್ರೈಮರಿಗೆ ತಹ್ತಾನಿಯಾ, ಮಿಡ್ಲ್ ಸ್ಕೂಲಿಗೆ ವಸ್ತಾನಿಯಾ, ಹೈಸ್ಕೂಲಿಗೆ ಫೌಖಾನಿಯಾ ಎಂದು ಹೆಸರು. ತಹ್ತಾನಿಯಾದಲ್ಲಿ ಒಂದಿಷ್ಟು ಮನೆಮಾತು ಸಿಕ್ಕೀತು. ವಸ್ತಾನಿಯಾದ ಹೊಸಿಲು ದಾಟಿದರೆ ಗಣಿತ, ಚರಿತ್ರೆ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೇ ಉರ್ದುವಿನಲ್ಲಿದ್ದಾಗ ಕೆಳಗಿನ ಶಾಲೆಗಳು ಬೇರೆ ದಾರಿ ಹಿಡಿಯುವುದೆಲ್ಲಿಂದ? ಬೀದರ, ಕಲಬುರ್ಗಿ, ರಾಯಚೂರಿನ ಹುಡುಗರದ್ದೂ ಅದೇ ಪಾಡು. ನಮ್ಮ ಅಜ್ಜ ಕೊನೆಯವರೆಗೂ ಮಗ್ಗಿ ಹೇಳುತ್ತಿದ್ದುದು ಉರ್ದುವಿನಲ್ಲೇ.

ಉಸ್ಮಾನಿಯಾಕ್ಕೂ ಮೊದಲೇ, 1907ರಲ್ಲಿ, ಇಲ್ಲಿನ ಮರಾಠಿಗರು ವಿವೇಕವರ್ಧಿನಿ ಶಾಲೆ ತೆರೆದಿದ್ದರು. ಕಲಬುರ್ಗಿಯ ನೂತನ ವಿದ್ಯಾಲಯವೂ ಅದೇ ವರ್ಷದ್ದು. ಹೈದರಾಬಾದಿನ ಕನ್ನಡಿಗರು ಕಾಚಿಗುಡದಲ್ಲಿ ನೃಪತುಂಗ ಶಾಲೆ ಕಟ್ಟಿಕೊಂಡರು. 1956ರ ನವೆಂಬರ್ 1ರಂದು ಮೂರೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿನ ಕನ್ನಡಿಗರೂ ಅವರ ಶಾಲೆಯೂ ಇಲ್ಲೇ ಉಳಿದವು. ಅಲ್ಲಿಂದಾಚೆ ಇಲ್ಲಿ ಕನ್ನಡ ಓದುವುದೆಂದರೆ ಪಕ್ಕದ ರಾಜ್ಯದ ಭಾಷೆ ಓದಿದ ಹಾಗಾಯಿತು. ಎದುರಿಗಿದ್ದ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಮೀಡಿಯಂ ಬಂತು. ನಾವು ಶಾಲೆಗಳನ್ನು ತೂಗುವಾಗ ಫೀ, ಬಸ್ಸು, ರಿಜಲ್ಟಿಗೆಲ್ಲ ಒಂದೊಂದು ಖಾನೆ ಇಡುತ್ತೇವೆ. ಇದಕ್ಕೊಂದು ಖಾನೆ ಯಾಕಿಲ್ಲ ಅನ್ನೋದೇ ನನ್ನ ತಕರಾರು.